ಹದಿನೇಳರಿಂದ ಭಾಗಿಸಿ

ಭಾವನ ಪುಸ್ತಕದ ಕರಡು ತಿದ್ದಿದವಳು ನಾನೇ. ನಮ್ಮ ಮುದ್ರಣಾಲಯದಲ್ಲಿ ಅಂಕಿಗಳಿರುವ ಕರಡೆಲ್ಲ ನನ್ನ ಮೇಜಿಗೇ ಬರುತ್ತದೆ. ದೊಡ್ಡ ಸಂಖ್ಯೆಗಳ ಚಮತ್ಕಾರಗಳ ಬಗ್ಗೆ ಹನ್ನೊಂದು ವರ್ಷ ನಾನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟದ್ದೆಲ್ಲ ಅದರಲ್ಲಿತ್ತು, ನನ್ನ ಒಂದು ಕೂಡಿಸುವ ತಪ್ಪಿನ ಸಮೇತ. ಮೇಲೆ ಮಾತ್ರ ಅವನ ಹೆಸರು. ಓದಿ ಕೊಡುತ್ತೇನೆ ಎಂದು ನೋಟ್‌ಬುಕ್ ಒಯ್ದಿದ್ದ ಮಹಾನುಭಾವ. ಎದುರಿಗೆ ನಾನು ಅವನಿಗೆ ಬಹುವಚನವನ್ನೇ ಕೊಡುವುದು, ಮನಸ್ಸಿನೊಳಗೆ ಮಾತ್ರ ಏಕವಚನ. ಕೇಳಿದ್ದಕ್ಕೆ ಹೇಳಿದ:

"ಗಣಿತದ ಮೇಷ್ಟ್ರ ಹೆಸರಿದ್ರೇನೇ ಜನ ಓದೋದಮ್ಮ. ನಿನ್ನ ಹೆಸರು ಯಾರಿಗೆ ಬೇಕು?"

ಅಕ್ಕ ಹೋಗಲಿ ಬಿಡು ಅಂದಳು. ಹಲ್ಲು ಕಚ್ಚಿಕೊಂಡು ಕಾಮಾ, ಚುಕ್ಕಿಗಳನ್ನೆಲ್ಲ ತಿದ್ದಿದೆ. ಆ ಒಂದು ತಪ್ಪನ್ನು ಹಾಗೇ ಬಿಟ್ಟೆ. ಅವನಿಗೆ ಇವತ್ತಿಗೂ ಅದು ಕಂಡಿಲ್ಲ.

ಎರಡು ವರ್ಷ ಕಾದೆ. ಎರಡನೇ ಮುದ್ರಣದ ಬಿಡುಗಡೆ ಗೊತ್ತಾದಾಗ ಅವನೇ ಮನೆಗೆ ಬಂದು, ಹೊಸದೇನಾದರೂ ಇದೆಯಾ ಎಂದ. ಒಂದು ಹಾಳೆ ಕೊಟ್ಟೆ. 31, 331, 3331, 33331, 333331, 3333331, 33333331. ಏಳೂ ಅವಿಭಾಜ್ಯ ಸಂಖ್ಯೆಗಳು: ಒಂದನ್ನೂ ತಮ್ಮನ್ನೂ ಬಿಟ್ಟು ಬೇರೆ ಯಾವುದರಿಂದಲೂ ಶೇಷವಿಲ್ಲದೆ ಭಾಗವಾಗುವುದಿಲ್ಲ. ಪೂರ್ತಿ ಓದಿ ಭಾವ ಎಂದು ಹೇಳಿಯೇ ಕೊಟ್ಟೆ. ಅವನು ಓದುವ ಆಸಾಮಿಯಲ್ಲ. ಮಡಚಿ ಜೇಬಿಗೆ ಹಾಕಿಕೊಂಡ.

ಬಿಡುಗಡೆಯ ದಿನ ಅವನು ಪಾಠ ಹೇಳುವ ಕಾಲೇಜಿನ ಸಭಾಂಗಣ ತುಂಬಿತ್ತು. ಭಾವ ಏಳೂ ಸಂಖ್ಯೆಗಳನ್ನು ಹಲಗೆಯ ಮೇಲೆ ಬರೆದು, ಹೀಗೆ ಮುಂದೆ ಮೂರುಗಳನ್ನು ಸೇರಿಸುತ್ತ ಎಷ್ಟು ದೂರ ಹೋದರೂ ಅವಿಭಾಜ್ಯವೇ ಬರುತ್ತದೆ, ಇದು ತಾನು ಕಂಡುಹಿಡಿದ ನಿಯಮ ಎಂದು ಕೊಚ್ಚಿಕೊಂಡ. ನಾನು ಎದ್ದು ನಿಂತೆ. ಎಂಟನೆಯದನ್ನು, 333333331 ಅನ್ನು, ದಯವಿಟ್ಟು ಹದಿನೇಳರಿಂದ ಭಾಗಿಸಿ ತೋರಿಸಿ ಎಂದೆ.

ನಗುತ್ತಲೇ ಶುರು ಮಾಡಿದ. ಅಂಕಿ ಇಳಿಸುತ್ತ ಹೋದಂತೆ ಕೈ ನಿಧಾನವಾಯಿತು. 19607843. ಶೇಷ ಸೊನ್ನೆ. ಹಿಂದಿನ ಸಾಲಿನ ವಿದ್ಯಾರ್ಥಿಗಳು ಕಿಸಕ್ಕನೆ ನಕ್ಕರು. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಭಾವ ಜೇಬಿನಿಂದ ಹಾಳೆ ತೆಗೆದು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದ.

"ಇದು ನಂದಲ್ಲ. ನನ್ನ ನಾದಿನಿ ಬರ್ಕೊಟ್ಟಿದ್ದು. ತಪ್ಪು ಅವಳ್ದು."

ಪುಸ್ತಕವಿಡೀ ಅವನದು, ತಪ್ಪು ಮಾತ್ರ ನನ್ನದು. ಹೀಗೇ ಹೇಳುತ್ತಾನೆಂದು ನನಗೆ ಗೊತ್ತಿತ್ತು.

"ಹಾಳೆ ತಿರುಗಿಸಿ ನೋಡಿ, ಭಾವ," ಅಂದೆ.

ಅವನು ಕದಲಲಿಲ್ಲ. ಮುಂದಿನ ಸಾಲಿನಲ್ಲಿದ್ದ ಅಕ್ಕ ಎದ್ದುಹೋಗಿ ಅವನ ಕೈಯಿಂದ ಹಾಳೆ ತೆಗೆದುಕೊಂಡಳು. ಹಿಂಬದಿಯಲ್ಲಿ ನಾನು ಬರೆದಿದ್ದೆ: ಎಂಟನೆಯದಕ್ಕೆ ಈ ಸಾಲು ಮುರಿಯುತ್ತದೆ, ಅದು 17 × 19607843, ಪುಸ್ತಕದ ಉಳಿದ ಪುಟಗಳ ಹಾಗೆ ಇದೂ ನನ್ನದೇ. ಕೆಳಗೆ ತಾರೀಕು, ನನ್ನ ಹೆಸರು.

ಅಕ್ಕ ಮೈಕಿನ ಮುಂದೆ ನಿಂತು ಒಂದಕ್ಷರ ಬಿಡದೆ ಓದಿದಳು. ಕೊನೆಯದು ಕೇಳಿಸಲಿಲ್ಲ ಎಂದು ಹಿಂದಿನಿಂದ ಯಾರೋ ಕೂಗಿದರು. ಅವಳು ನನ್ನ ಹೆಸರನ್ನು ಬಿಡಿಸಿ ಬಿಡಿಸಿ ಇನ್ನೊಂದು ಸಲ ಓದಿದಳು.