ಕೂತು ಮಲಗುವವರು

ಮೂರು ಗಂಟೆ ಹದಿನೇಳು ನಿಮಿಷಕ್ಕೆ ಬಾಯಿ ತೆರೆದುಕೊಂಡೇ ಎಚ್ಚರಾದೆ. ನಿದ್ದೆಯಲ್ಲಿ ಮೂರು ದಿಂಬಿನ ಮೇಲಿಂದ ಎರಡಕ್ಕೆ ಜಾರಿದ್ದೆ. ಅಷ್ಟು ಸಾಕು. ನನ್ನ ಹೃದಯ ಈಗ ಅರೆಮನಸ್ಸಿನಿಂದ ಕೆಲಸ ಮಾಡುವ ಪಂಪು. ಚಪ್ಪಟೆ ಮಲಗಿದರೆ ಶ್ವಾಸಕೋಶದಲ್ಲಿ ನೀರು ನಿಲ್ಲುತ್ತದೆ. ಕಾಲು ಕೆಳಗಿಳಿಸಿ, ಎರಡೂ ಕೈ ಮಂಚದ ಅಂಚಿಗೆ ಊರಿ, ಎಷ್ಟು ಎಳೆದರೂ ಸಾಲದ ಗಾಳಿಯನ್ನು ಎಳೆಯುತ್ತ ಕೂತೆ. ಎದುರಿಗೆ ಹೊಲಿಗೆ ಮೆಷಿನ್ನು, ಅದರ ಮೇಲೆ ಶಾಲೆಯ ಸಮವಸ್ತ್ರದ ಹದಿನಾಲ್ಕು ತೋಳುಗಳು. ಕತ್ತಲಲ್ಲಿ ಬರೀ ತೋಳುಗಳನ್ನು ನೋಡುವುದು ಒಳ್ಳೆಯದಲ್ಲ. ಮುಖ ತಿರುಗಿಸಿದೆ.

ಗೋಡೆಯಾಚೆ ಅಕ್ಕನ ಗೊರಕೆ. ಕೂಗಿದರೆ ಬರುತ್ತಾಳೆ. ಬೆನ್ನು ನೀವಿ, ಆಮೇಲೆ ಬೆಳಗಿನತನಕ ನನ್ನ ಎದೆಯನ್ನೇ ನೋಡುತ್ತ ಕೂರುತ್ತಾಳೆ, ಒಲೆಯ ಮೇಲಿಟ್ಟ ಹಾಲನ್ನು ನೋಡುವ ಹಾಗೆ. ಆ ನೋಟಕ್ಕೆ ನನಗೆ ಕಾಯಿಲೆಗಿಂತ ಭಯ. ಕೂಗಲಿಲ್ಲ. ಫೋನು ತೆಗೆದುಕೊಂಡೆ.

‘ಮೂರು. ಇದ್ದೀನಿ, ಮಲಗಿ.’

ಗಡಿಯಾರದವರು ಬರೆದಿದ್ದರು. ಎದೆ ಸ್ವಲ್ಪ ಸಡಿಲಾಯಿತು.

ಫೋನಿನ ಆ ಗುಂಪಿನಲ್ಲಿ ನಾವು ಐದು ಜನ, ಎಲ್ಲರದೂ ಇದೇ ಕಾಯಿಲೆ. ಗುಂಪಿನ ಹೆಸರು ‘ಕೂತು ಮಲಗೋರು’. ಒಬ್ಬರ ಮುಖ ಒಬ್ಬರು ನೋಡಿಲ್ಲ. ಹೆಸರು ಕೇಳುವುದಿಲ್ಲ; ಕೇಳಿದರೆ ಹೆಸರಾದ ಮೇಲೆ ಊರು, ಊರಾದ ಮೇಲೆ ಮಕ್ಕಳೆಷ್ಟು, ಕೊನೆಗೆ ಅಯ್ಯೋ ಪಾಪ. ನಾನು ಟೈಲರಮ್ಮ. ಹಿಂದೆ ಲಾರಿ ಓಡಿಸುತ್ತಿದ್ದವರು ಡ್ರೈವರಣ್ಣ. ಗಡಿಯಾರದವರು ವಾಚು ರಿಪೇರಿ ಮಾಡುತ್ತಾರೆ. ಉಳಿದಿಬ್ಬರು ಬರೆಯುವುದಿಲ್ಲ, ಓದುತ್ತಾರೆ. ನಿದ್ದೆ ಬಾರದ್ದಕ್ಕಿಂತ ನಿದ್ದೆ ಬಂದುಬಿಡುವುದೇ ನಮ್ಮ ಭಯ. ಅದಕ್ಕೆ ಡ್ರೈವರಣ್ಣ ಒಂದು ಪದ್ಧತಿ ಮಾಡಿದರು: ಬರೆಯುವ ಮೂವರಲ್ಲಿ ದಿನಕ್ಕೊಬ್ಬರ ಕಾವಲು. ಕಾವಲಿನವರು ಎಚ್ಚರವಿದ್ದು ಗಂಟೆಗೊಮ್ಮೆ ಬರೆಯಬೇಕು. ಉಸಿರು ಕಟ್ಟಿ ಎದ್ದವರು ಫೋನು ನೋಡಿದರೆ ಅಲ್ಲೊಬ್ಬರು ಕೂತಿರಬೇಕು.

“ಲಾರೀಲಿ ಇಬ್ರು ಡ್ರೈವರ್ ಇದ್ದಂತೆ,” ಅಂದಿದ್ದರು. “ಒಬ್ಬ ಮಲಗ್ದಾಗ ಇನ್ನೊಬ್ಬ ಸ್ಟೇರಿಂಗ್ ಹಿಡೀಬೇಕು. ಇಬ್ರೂ ಮಲಗಿದ್ರೆ ಮಾರನೇ ದಿನ ಪೇಪರ್‌ನಲ್ಲಿ ಬರ್ತೀವಿ.”

ಗಡಿಯಾರದವರ ಸರದಿಯೆಂದರೆ ನನಗೆ ಒಳ್ಳೆಯ ನಿದ್ದೆ. ಅವರು ಒಂದು ನಿಮಿಷ ಕೂಡ ಆಚೀಚೆ ಮಾಡುವವರಲ್ಲ.

‘ಉಸಿರು ಕಟ್ಟಿ ಎದ್ದೆ. ಏನಾದ್ರೂ ಹೇಳಿ,’ ಎಂದು ಬರೆದೆ. ಅವರು ಏನಾದರೂ ಹೇಳುತ್ತಾರೆ. ಹೋದ ವಾರ ಒಬ್ಬ ಗಿರಾಕಿ ಮಾವ ಕೊಟ್ಟ ವಾಚು ತಂದು ಬಹಳ ನಿಧಾನ ಓಡುತ್ತೆ ಅಂದನಂತೆ; ‘ಬಿಚ್ಚಿ ನೋಡಿದೆ, ವಾಚಿನ ತಪ್ಪಲ್ಲ, ನಿಮ್ಮ ಮಾವನನ್ನ ಕರ್ಕೊಂಡು ಬನ್ನಿ’ ಅಂದರಂತೆ. ಅಂಥವು. ಎರಡು ಸಾಲು ಓದುವಷ್ಟರಲ್ಲಿ ಉಸಿರು ಹಳಿಗೆ ಬರುತ್ತದೆ.

ಉತ್ತರ ಬರಲಿಲ್ಲ. ಬಚ್ಚಲಿಗೆ ಹೋಗಿರಬೇಕು, ನೀರಿಳಿಸುವ ಮಾತ್ರೆ ನಮ್ಮನ್ನೆಲ್ಲ ಬಚ್ಚಲಿನ ಖೈದಿಗಳನ್ನಾಗಿ ಮಾಡಿದೆ. ‘ಇನ್ನೂ ಅಲ್ಲೇ ಇದ್ದೀರಾ?’ ಎಂದೆ. ಇನ್ನಷ್ಟು ಬರೆದೆ. ಯಾವುದಕ್ಕೂ ಓದಿದ ಗುರುತು ಬೀಳಲಿಲ್ಲ.

ನಾಲ್ಕು ಗಂಟೆಗೆ ಫೋನು ಅಲುಗಿತು.

‘ನಾಲ್ಕು. ಇದ್ದೀನಿ, ಮಲಗಿ.’

ನನ್ನ ಆರು ಪ್ರಶ್ನೆಗಳ ಕೆಳಗೆ, ಅವುಗಳಲ್ಲಿ ಒಂದನ್ನೂ ಓದದೆ.

ಬೆರಳಿಂದ ಹಿಂದಕ್ಕೆ ಸರಿಸುತ್ತ ಹೋದೆ. ಮೂರು ದಿನದ ಹಿಂದಿನ ಕಾವಲು. ಆರು ದಿನದ ಹಿಂದಿನದು. ಹನ್ನೆರಡು ಸೊನ್ನೆ ಸೊನ್ನೆ, ಒಂದು ಸೊನ್ನೆ ಸೊನ್ನೆ, ಎರಡು ಸೊನ್ನೆ ಸೊನ್ನೆ. ಎಲ್ಲ ಕಡೆ ಅದೇ ಮೂರು ಮಾತು. ಇವು ಮೊದಲೇ ಬರೆದಿಟ್ಟವು. ಹೊತ್ತಿಗೆ ಸರಿಯಾಗಿ ತಾವೇ ಹೊರಡುತ್ತವೆ. ಅಲ್ಲಿ ಯಾರೂ ಕೂತಿರಲಿಲ್ಲ.

ಕರೆ ಮಾಡಿದೆ. ರಿಂಗಾಗಿ ನಿಂತಿತು. ಎರಡನೆಯ ಸಲವೂ. ಡ್ರೈವರಣ್ಣನಿಗೆ ಮಾಡಿದೆ.

“ಏನಮ್ಮ, ನೀರು ತುಂಬ್ತಾ?”

“ನನಗಲ್ಲ ಅಣ್ಣ. ಗಡಿಯಾರದವರು ಫೋನ್ ಎತ್ತುತ್ತಿಲ್ಲ.”

“ಈಗಷ್ಟೇ ಮೆಸೇಜ್ ಬಂತಲ್ಲ.”

“ಅದು ಅವರು ಕಳ್ಸಿದ್ದಲ್ಲ. ಅಲಾರಂ ಇಟ್ಟ ಹಾಗೆ ಇಟ್ಟಿದ್ದಾರೆ.”

ಅವರ ಎದೆಯ ಸಿಳ್ಳೆ ಮಾತ್ರ ಕೇಳಿಸುತ್ತಿತ್ತು. “ಹಾಗಿದ್ರೆ ಇಷ್ಟು ದಿನ,” ಅಂದು ನಿಲ್ಲಿಸಿದರು. “ನನ್ನ ಹತ್ರ ಅಡ್ರೆಸ್ ಇದೆ. ಅವರು ದಿನಾ ತೂಕ ನೋಡ್ಕೊಳ್ಳೋ ಮೆಷಿನ್ ಕೆಟ್ಟಾಗ ಒಂದು ಕಳ್ಸಿದ್ನಲ್ಲ, ಆ ಪಾರ್ಸೆಲ್ ಚೀಟಿ. ಮೆಟ್ಟಿಲು ಇಳಿಯೋಕಾಗಲ್ಲ, ಕೆಳಗಿನ ಹಾಲಿನ ಅಂಗಡಿಯವರ ನಂಬರ್ ಬರೀರಿ ಅಂದಿದ್ರು. ಎಲ್ಲಿಟ್ಟಿದ್ದೀನೋ. ತಡಿ, ಹುಡುಕ್ತೀನಿ.”

ಅರ್ಧ ಗಂಟೆ ಹಿಡಿಯಿತು. ಆ ಅರ್ಧ ಗಂಟೆ ನಾನು ಗೋಡೆಗೆ ಒರಗಲಿಲ್ಲ; ಒರಗಿದರೆ ಅವರು ಸಾಯುತ್ತಾರೆ ಎಂದು ಯಾಕೋ ನಂಬಿಬಿಟ್ಟಿದ್ದೆ. ಕೊನೆಗೆ ಚೀಟಿ ಹಳೆಯ ಖಾಕಿ ಅಂಗಿಯ ಜೇಬಿನಲ್ಲಿ ಸಿಕ್ಕಿತು. ಅಂಕಿಗಳನ್ನು ಎರಡು ಸಲ ಹೇಳಿಸಿಕೊಂಡು ಒತ್ತಿದೆ. ಹಾಲಿನವರು ಎದ್ದಿದ್ದರು. ಹಿಂದೆ ಕ್ರೇಟುಗಳ ಸದ್ದು.

“ಯಾರು?”

“ನಿಮ್ಮ ಮೇಲ್ಗಡೆ ವಾಚಿನವರಿದ್ದಾರಲ್ಲ, ಒಂದ್ಸಲ ಹೋಗಿ ನೋಡ್ತೀರಾ? ಫೋನ್ ಎತ್ತುತ್ತಿಲ್ಲ.”

“ಅವರಿಗೆ ಯಾರೂ ಇಲ್ವಲ್ಲ. ನೀವು ಏನಾಗ್ಬೇಕು?”

“ತಂಗಿ.”

“ಇಷ್ಟು ದಿನ ಎಲ್ಲಿದ್ರಿ? ನೋಡಿಮ್ಮ, ಲೋಡ್ ಇಳಿಸ್ತಿದ್ದೀನಿ. ಹೋದ ತಿಂಗಳು ಬಾಗಿಲು ಬಡಿದಿದ್ದಕ್ಕೆ, ಸತ್ತಿದ್ದೀನಾ ಅಂತ ನೋಡೋಕೆ ಬಂದ್ಯಾ ಅಂತ ಬೈದ್ರು.”

“ಇವತ್ತೂ ಬೈದ್ರೆ ನನ್ನ ಹೆಸರು ಹೇಳಿ. ದಯವಿಟ್ಟು ಹೋಗಿ.”

ಯಾವ ಹೆಸರು ಎಂದು ಅವರು ಕೇಳಲಿಲ್ಲ. ಗೊಣಗುತ್ತ ಹೊರಟರು. ಕರೆ ಕಡಿಯದೆ ಇಟ್ಟುಕೊಳ್ಳಿ ಅಂದಿದ್ದೆ. ಮೆಟ್ಟಿಲು ಎಣಿಸಿದೆ, ಇಪ್ಪತ್ತೊಂದು. ಬಾಗಿಲು ಬಡಿಯುವ ಸದ್ದು. ಮತ್ತೆ. “ಒಳಗಿಂದ ಹಾಕಿದೆ. ಲೈಟ್ ಉರೀತಿದೆ.” ಅವರ ದನಿ ಬದಲಾಗಿತ್ತು. ಕೆಳಗಿದ್ದ ಯಾರನ್ನೋ ಕರೆದರು. ಮರ ಒಡೆಯುವ ಸದ್ದು ನನ್ನ ಕಿವಿಯಲ್ಲಿದ್ದಾಗಲೇ ಫೋನು ಅಂಗೈಯಲ್ಲಿ ಅಲುಗಿತು.

‘ಐದು. ಬೆಳಗಾಯ್ತು. ಇದ್ದೀನಿ.’

“ಬಿದ್ದಿದ್ದಾರೆ,” ಅಂದರು ಹಾಲಿನವರು. “ಮೇಜಿನ ಪಕ್ಕ. ತುಟಿ ನೀಲಿ ಆಗಿದೆ.”

“ಉಸಿರು?”

“ತಡೀರಿ.”

ಅಕ್ಕ ಬಾಗಿಲಲ್ಲಿ ನಿಂತಿದ್ದಳು, ಯಾವಾಗ ಬಂದಳೋ.

“ಇದೆ. ಗೊರಗೊರ ಅಂತಿದೆ. ಮಂಚದ ಮೇಲೆ ಮಲಗಿಸಿ ಸ್ವಲ್ಪ ನೀರು ಕುಡಿಸ್ತೀವಿ.”

“ಬೇಡ.” ನನ್ನ ಗಂಟಲಿಂದ ಅಷ್ಟು ದೊಡ್ಡ ದನಿ ತಿಂಗಳುಗಳಿಂದ ಬಂದಿರಲಿಲ್ಲ. “ಮಲಗಿಸ್ಬೇಡಿ. ಕೂರ್ಸಿ. ಹಿಂದಿನಿಂದ ಒಬ್ಬರು ಹಿಡ್ಕೊಳ್ಳಿ. ಕಾಲು ಕೆಳಗಿರ್ಲಿ. ನೀರು ಒಂದು ಹನಿಯೂ ಬೇಡ. ಆಂಬ್ಯುಲೆನ್ಸಿಗೆ ಹೃದಯದ ಕಾಯಿಲೆ, ಎದೇಲಿ ನೀರು ತುಂಬಿದೆ ಅಂತ ಹೇಳಿ.”

ಹಾಗೇ ಮಾಡಿದರು. ಗಾಡಿ ಬರುವ ತನಕ ಹಾಲಿನವರು ಅವರನ್ನು ತಮ್ಮ ಎದೆಗೆ ಒರಗಿಸಿಕೊಂಡು ಕೂತಿದ್ದರಂತೆ. ಕೆಳಗೆ ಹಾಲು ಅರ್ಧ ಲೋಡು ರಸ್ತೆಯಲ್ಲೇ ಇತ್ತಂತೆ.

ನಾಲ್ಕನೇ ದಿನ ಮಧ್ಯಾಹ್ನ ಆಸ್ಪತ್ರೆಯಿಂದ ಗಡಿಯಾರದವರೇ ಕರೆ ಮಾಡಿದರು. ಅವರ ದನಿ ಕೇಳಿದ್ದು ಅದೇ ಮೊದಲು. ನಾನು ಅಂದುಕೊಂಡಿದ್ದಕ್ಕಿಂತ ತೆಳ್ಳಗಿತ್ತು.

“ನನಗೊಬ್ಬಳು ತಂಗಿ ಇದ್ದಾಳಂತೆ. ನರ್ಸು ಹೇಳಿದ್ರು.”

ನಗಬೇಕೆಂದುಕೊಂಡಿದ್ದೆ. “ನಿಮ್ಮನ್ನ ನಂಬಿ ಮಲಗ್ತಿದ್ದೆ ನಾನು,” ಅಂದುಬಿಟ್ಟೆ. “ನೀವು ಅಲಾರಂ ಇಟ್ಟು ನಿದ್ದೆ ಹೊಡೀತಿದ್ರಿ.”

“ಒಂದು ದಿನವೂ ಮಲಗಿಲ್ಲ ತಾಯಿ. ನೀವು ಬರೆದಾಗಲೆಲ್ಲ ಉತ್ತರ ಕೊಟ್ಟಿಲ್ವಾ?”

ಕೊಟ್ಟಿದ್ದರು. ಆ ರಾತ್ರಿಯೊಂದನ್ನು ಬಿಟ್ಟು.

“ಮತ್ಯಾಕೆ?”

“ನಾನು ನಡುರಾತ್ರೀಲಿ ಹೋಗ್ಬಿಟ್ರೆ? ಮೂರು ಗಂಟೆಗೆ ಒಬ್ಬರು ಉಸಿರು ಕಟ್ಟಿ ಎದ್ದು, ಮೆಸೇಜು ಎರಡಕ್ಕೇ ನಿಂತಿರೋದನ್ನ ನೋಡೋದು ಬೇಡ ಅಂತ. ಬೆಳಗಾದ ಮೇಲೆ ಗೊತ್ತಾದ್ರೆ ಸಾಕು ಅಂತ.”

ಮೊದಲೇ ಬರೆದಿಟ್ಟ ಎಲ್ಲವನ್ನೂ ತೆಗೆದುಹಾಕಿದ್ದೀನಿ ಅಂದರು. ನಂಬಿದೆ. ನಂಬಲೂ ಇಲ್ಲ.

ಆ ರಾತ್ರಿ ಕಾವಲು ನನ್ನದು. ಅಕ್ಕ ಚಾಪೆ ತಂದು ನನ್ನ ಮಂಚದ ಕೆಳಗೆ ಮಲಗಿದಳು. “ನಿನ್ನ ಗುಂಪಿನೋರು ತಾವೂ ಮಲಗಲ್ಲ, ಊರನ್ನೂ ಮಲಗೋಕೆ ಬಿಡಲ್ಲ,” ಅಂದು ಎರಡೇ ನಿಮಿಷಕ್ಕೆ ಗೊರಕೆ ಶುರುಮಾಡಿದಳು. ಹನ್ನೆರಡಕ್ಕೆ ಬರೆದೆ. ಒಂದಕ್ಕೆ ಬರೆದೆ: ‘ಒಂದು. ಇದ್ದೀನಿ.’

ಗುಂಪಿನಲ್ಲಿ ಯಾರೂ ಮಲಗಿರಲಿಲ್ಲ. ಎಂದೂ ಬರೆಯದವರೊಬ್ಬರು ಬರೆದರು: ‘ನಿಜವಾಗ್ಲೂ?’

ಹೌದು ಎಂದು ಬರೆದು ಅಳಿಸಿದೆ. ಹೌದು ಎಂಬುದನ್ನೂ ಮೊದಲೇ ಬರೆದಿಡಬಹುದು. ಏನು ಬರೆದರೂ ಬರೆದಿಡಬಹುದು. ದನಿ ಕಳಿಸುವ ಗುಂಡಿ ಒತ್ತಿ ಹಿಡಿದು ಫೋನನ್ನು ಬಾಯಿಯ ಹತ್ತಿರ ತಂದೆ. ಬರೀ ಉಸಿರಾಡಿದೆ. ಒಳಕ್ಕೆ ಹೋಗುವಾಗ ಸಿಳ್ಳೆ, ಹೊರಕ್ಕೆ ಬರುವಾಗ ಒದ್ದೆ ಸದ್ದು. ಹನ್ನೊಂದು ಸೆಕೆಂಡು. ಕಳಿಸಿದೆ.

ನಾಲ್ಕೂ ಜನ ಕೇಳಿದ ಗುರುತು ಬಿತ್ತು. ಮೊದಲು ಆಸ್ಪತ್ರೆಯಿಂದ ಒಂಬತ್ತು ಸೆಕೆಂಡಿನ ಒಂದು ಉಸಿರು ಬಂತು.