ಶ್ರೀಪತಿ ಮಿಸ್ತ್ರಿಯ ಬಿಳಿ ಬಣ್ಣ

ಕಾರುಗಳಿಗೆ ಬಣ್ಣ ಹೊಡೆಯುವ ಶ್ರೀಪತಿ ಮಿಸ್ತ್ರಿಗಳು ಎದುರಿಗೆ ಬಂದವರ ಮುಖ ನೋಡುತ್ತಿದ್ದುದು ಎಲ್ಲಕ್ಕಿಂತ ಕೊನೆಗೆ. ಮೊದಲು ಅವರ ದೃಷ್ಟಿ ಹೋಗುತ್ತಿದ್ದುದು ಬಂದವರ ಕಾರಿನ ಮೇಲೆ, ಅದರಲ್ಲೂ ಬಂಪರು ಮೈಯನ್ನು ಸೇರುವ ಕೂದಲೆಳೆಯಷ್ಟು ಸಂದಿನ ಮೇಲೆ. ತಲೆಯನ್ನು ಎಡಕ್ಕೆ ವಾಲಿಸಿ, ಒಂದು ಹೆಜ್ಜೆ ಹಿಂದೆ ಸರಿದು, "ಇದಕ್ಕ ಬಣ್ಣ ಯಾರು ಹೊಡದಾರ?" ಎಂದು ಕೇಳಿದ ಮೇಲೆಯೇ ಅವರಿಗೆ ಕ್ಷೇಮಸಮಾಚಾರ ನೆನಪಾಗುತ್ತಿತ್ತು. ಸೋದರಳಿಯನ ಮದುವೆಯಲ್ಲಿ ಬೀಗರನ್ನು ಎದುರುಗೊಳ್ಳಲು ನಿಲ್ಲಿಸಿದ್ದರೆ, ಇವರು ವರನ ಕಾರಿನ ಹೂಮಾಲೆಯನ್ನು ಸರಿಸಿ ಬಂಪರು ಸವರುತ್ತಿದ್ದರಂತೆ. ಕೊಲ್ಹಾಪುರದ ನಮ್ಮ ಉದ್ಯಮನಗರದಲ್ಲಿ ಇದನ್ನು ಇಂದಿಗೂ ಹೇಳಿ ನಗುತ್ತಾರೆ.

ಬೇಸಿಗೆಯಲ್ಲೂ ಬಿಚ್ಚದ ಖಾಕಿ ಕೋಟು ಅವರದು. ಅದರ ಒಳಕಿಸೆಯಲ್ಲಿ, ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ, ಯಾವುದಾದರೊಂದು ಕಾರಿನ ಪೆಟ್ರೋಲ್ ಟ್ಯಾಂಕಿನ ಪುಟ್ಟ ಹೊರಮುಚ್ಚಳ ಇದ್ದೇ ಇರುತ್ತಿತ್ತು. ಬಣ್ಣದ ಡಬ್ಬಿಯ ಮೇಲಿನ ಸಂಖ್ಯೆಯನ್ನು ಅವರು ನಂಬಿದವರಲ್ಲ. ಗಾಡಿಯೊಂದಿಗೇ ಬಿಸಿಲು ಮಳೆ ಉಂಡ ಆ ಮುಚ್ಚಳವನ್ನು ಬಿಚ್ಚಿ ಎದುರಿಗಿಟ್ಟುಕೊಂಡು, ಬಣ್ಣ ಬೆರೆಸಿ, ಒಂದು ತೊಟ್ಟನ್ನು ಹೆಬ್ಬೆರಳಿನ ಉಗುರಿಗೆ ಹಚ್ಚಿ ಪಕ್ಕದಲ್ಲಿ ಹಿಡಿಯುತ್ತಿದ್ದರು. "ಬಿಳಿ ಅಂದ್ರ ಒಂದ ಬಣ್ಣ ಅಲ್ಲ. ಹಾಲಿಂದು ಬ್ಯಾರೆ, ಮಜ್ಜಿಗಿದು ಬ್ಯಾರೆ, ಸುಣ್ಣದ್ದು ಬ್ಯಾರೆ," ಎನ್ನುವುದು ಅವರ ದಿನದ ಮಾತು.

ಮಧ್ಯಾಹ್ನ ಹೆಂಡತಿ ಅಕ್ಕಾತಾಯಿ ರೊಟ್ಟಿ, ಕಡಲೆಹಿಟ್ಟಿನ ಜುಣಕ ಕಟ್ಟಿಕೊಂಡು ಶೆಡ್ಡಿಗೆ ಬಂದರೆ, ಊಟಕ್ಕೆ ಮೊದಲು ಒಂದು ಆಟ ನಡೆಯಬೇಕು. ಮಿಸ್ತ್ರಿಗಳು ಅವರನ್ನು ಕಾರಿನ ಮುಂದೆ ನಿಲ್ಲಿಸಿ, "ಹೇಳು, ಹೊಸ ಬಣ್ಣ ಯಾವ ಭಾಗದ್ದು?" ಎನ್ನುವರು. ಅಕ್ಕಾತಾಯಿ ಕಣ್ಣು ಕಿರಿದು ಮಾಡಿ ನೋಡಿ ನೋಡಿ ಸೋಲುವರು. "ಇಷ್ಟ ವರ್ಷ ನನ್ನ ಕೂಡ ಬಾಳುವಿ ಮಾಡಿ ಏನ ಕಲತಿ?" ಎಂದು ನಗುತ್ತಾ ಮಿಸ್ತ್ರಿಗಳು ಕೈ ತೊಳೆಯಲು ಹೋಗುವರು. ಆ ಸೋಲಿನಷ್ಟು ರುಚಿಯಾದ ಮೇಲೋಗರ ಅವರ ಊಟಕ್ಕೆ ಬೇರೆ ಇರಲಿಲ್ಲ.

ಒಂದು ದಿನ ಅಕ್ಕಾತಾಯಿಗೆ ನೋಡಿದೊಡನೆಯೇ ಗೊತ್ತಾಯಿತು. ಕಾರಿನ ಮೈ ಹಾಲಿನಂತಿತ್ತು, ಬಂಪರು ಹಳೆಯ ತುಪ್ಪದ ಬಣ್ಣಕ್ಕೆ ತಿರುಗಿತ್ತು. ಮಿಸ್ತ್ರಿಗಳ ಮುಖ ನೋಡಿದರು. ಅಲ್ಲಿ ಎಂದಿನ ನಗು ಸಿದ್ಧವಾಗಿ ಕಾಯುತ್ತಿತ್ತು. "ಗೊತ್ತಾಗವಲ್ದು," ಎಂದುಬಿಟ್ಟರು.

ಆಮೇಲೆ ನಿಜ ಹೇಳುವ ದಿನ ಮುಂದೆ ಮುಂದೆ ಹೋಯಿತು. ಶುಕ್ರವಾರ ಅಂಬಾಬಾಯಿಯ ಗುಡಿಯಲ್ಲಿ ನಿಂತು ಅಕ್ಕಾತಾಯಿ ಬೇಡುತ್ತಿದ್ದುದು, ಆ ಒಂದು ಮಾತನ್ನು ಬಾಯಿಗೆ ತಂದುಕೊಡು ಎಂದು. ನಮ್ಮ ಗಲ್ಲಿಯೂ ಅವರಂತೆಯೇ. ಹಿರಿಯ ಮಿಸ್ತ್ರಿಯ ಕೆಲಸಕ್ಕೆ ಎದುರಿಗೆ ಕೊಂಕು ತೆಗೆಯುವ ರೂಢಿ ಇಲ್ಲಿಲ್ಲ. "ಚಂದ ಆಗೈತಿ ತಾತ್ಯಾ," ಎಂದು ಕೈಮುಗಿದು ಗಾಡಿ ಒಯ್ದವರು, ಮುಂದಿನ ಸಲ ಸದ್ದಿಲ್ಲದೆ ಬೇರೆ ಶೆಡ್ಡಿಗೆ ಹೋಗುತ್ತಿದ್ದರು. ಕೆಲಸ ಕಡಿಮೆಯಾದುದಕ್ಕೆ ಮಿಸ್ತ್ರಿಗಳು ಕಾಲವನ್ನು ಬೈದುಕೊಂಡರು.

ಕೊನೆಗೆ ಮೆಟ್ಟಿಲು ತಪ್ಪಿ ಬಿದ್ದಾಗ ಡಾಕ್ಟರು ಕಣ್ಣಿನ ಪೊರೆ ಕಂಡುಹಿಡಿದರು. ಮೊದಲು ಬಲಗಣ್ಣಿನ ಶಸ್ತ್ರಚಿಕಿತ್ಸೆಯಾಯಿತು. ಪಟ್ಟಿ ಬಿಚ್ಚಿಸಿಕೊಂಡು ಹೆಂಡತಿಯೊಂದಿಗೆ ರಿಕ್ಷಾದಲ್ಲಿ ಮನೆಗೆ ಬರುವಾಗ, ಸಿಗ್ನಲ್ಲಿನಲ್ಲಿ ಮುಂದೆ ನಿಂತ ಬಿಳಿ ಕಾರನ್ನು ನೋಡಿ ಮಿಸ್ತ್ರಿಗಳು ಅಂಗೈಯಿಂದ ಎಡಗಣ್ಣು ಮುಚ್ಚಿದರು, ತೆಗೆದರು, ಬಲಗಣ್ಣು ಮುಚ್ಚಿದರು. ಹಳೆಯ ಕಣ್ಣಿಗೆ ಕಾರು ಒಂದೇ ಬಣ್ಣ. ಹೊಸ ಕಣ್ಣಿಗೆ ಎರಡು.

"ಇದು ನನ್ನ ಕೆಲಸ," ಎಂದರು. ಬಿಂದು ಚೌಕ ದಾಟುವುದರೊಳಗೆ ಅಂಥವೇ ಇನ್ನೂ ಒಂದೆರಡು ಕಾರು ಕಂಡವು. ಹೆಂಡತಿಯ ಕಡೆ ತಿರುಗದೆಯೇ ಕೇಳಿದರು: "ನಿನಗ ಕಾಣತಿತ್ತೇನು?"

"ಕಾಣತಿತ್ತು."

ಆ ದಿನದಿಂದ ಅವರು ಬಣ್ಣ ಚಿಮ್ಮಿಸುವ ಗನ್ನು ಮುಟ್ಟಲಿಲ್ಲ. ಎಡಗಣ್ಣಿನದೂ ಮುಗಿಯಿತು, ದೃಷ್ಟಿ ತಿಳಿಯಾಯಿತು, ಆದರೂ ಶೆಡ್ಡಿನ ಬಾಗಿಲು ತೆರೆಯಲಿಲ್ಲ. ಸಂಜೆಗೆ ಕೋಟು ತೊಟ್ಟು ಒಬ್ಬರೇ ಹೊರಟು, ತಾವು ಕೆಡಿಸಿದ ಗಾಡಿಗಳನ್ನು ಹುಡುಕಿ, ಮತ್ತೆ ಬಣ್ಣ ಹೊಡೆದುಕೊಡುತ್ತೇನೆ, ಏನೂ ಕೊಡಬೇಡಿ ಎಂದು ಬೇಡಿಕೊಳ್ಳುತ್ತಿದ್ದರು. ಯಾರೂ ಒಪ್ಪಲಿಲ್ಲ. ಬೆಲ್ಲದ ವ್ಯಾಪಾರಿ ಜಯಸಿಂಗರಾವ್ ಚಹಾ ತರಿಸಿ, "ಬಿಡ್ರಿ ತಾತ್ಯಾ. ಮದುವಿ ಮಂಟಪದ ಮುಂದ ಎಲ್ಲಾ ಬಿಳೀ ಗಾಡಿನ ನಿಂತಿರ್ತಾವ. ಬಂಪರ್ ನೋಡಿದ್ರ ನಂದು ಗುರ್ತ ಸಿಗತೈತಿ," ಎಂದು ನಕ್ಕ. ಮಿಸ್ತ್ರಿಗಳು ಚಹಾ ಕುಡಿಯದೆ ಎದ್ದು ಬಂದರು. ಬೈದಿದ್ದರೆ ಕುಡಿಯುತ್ತಿದ್ದರೇನೋ.

ಮನೆಗೆ ಬಂದರೆ ಗೋಡೆಗೊರಗಿ ಕುಳಿತುಬಿಡುತ್ತಿದ್ದರು. ದೃಷ್ಟಿ ಮರಳಿಯೂ ಈ ಮನುಷ್ಯ ಹೀಗೇ ಕುಳಿತು ಮುಗಿದುಹೋಗುತ್ತಾರೆಯೇ ಎಂಬ ಭಯದಲ್ಲಿ ಅಕ್ಕಾತಾಯಿ ತಾವೇ ಶಾಲೆಯ ಗಣಿತದ ಶಿಕ್ಷಕಿ ಮಾನೆಬಾಯಿಯ ಮನೆಗೆ ಹೋದರು. ಅವರ ಕಾರಿನ ಹಿಂದಿನ ಬಂಪರಿಗೆ ಮಿಸ್ತ್ರಿಗಳು ಹೊಡೆದ ಬಣ್ಣ ಮೈಗೆ ಹೊಂದದ್ದು ಇಡೀ ಪೇಟೆಗೆ ಕಾಣುವಂಥದು. ಮರುದಿನ ಮಾನೆಬಾಯಿ ಕಾರನ್ನು ತಂದು ಮನೆಯ ಮುಂದೆ ನಿಲ್ಲಿಸಿದರು.

"ಗಾಡಿ ಒಯ್ದ ದಿನಾನ ನನಗ ಕಂಡಿತ್ತು ತಾತ್ಯಾ. ನಿಮಗ ಬ್ಯಾಸರಾಗತೈತಿ ಅಂತ ಹೇಳಲಿಲ್ಲ."

"ಬ್ಯಾಸರಾಗಾಕ ಬಿಡಬೇಕಿತ್ತು ಬಾಯೀ," ಎಂದು ಮಿಸ್ತ್ರಿಗಳು ಕಾರಿನ ಕೀಲಿಕೈಗೆ ಕೈ ಚಾಚಿದರು.

ಶೆಡ್ಡು ತೆರೆದು, ಬಂಪರು ಬಿಚ್ಚಿ, ಉಜ್ಜಿ, ಮುಚ್ಚಳ ನೋಡಿ ಬೆರೆಸಿ, ಹೊಡೆದು, ಒಣಗಿಸಿ, ಕಾರನ್ನು ಬಿಸಿಲಿಗೆ ನಿಲ್ಲಿಸಿದರು. ಮಾನೆಬಾಯಿ ಸುತ್ತ ತಿರುಗಿ ನೋಡಿ, "ಈಗ ಬರೋಬರಿ ಆತು," ಎಂದರು. ಬುತ್ತಿ ಹಿಡಿದು ನಿಂತಿದ್ದ ಅಕ್ಕಾತಾಯಿ ಮುಂದೆ ಬಂದು ಬಂಪರಿನ ಹತ್ತಿರ ಬಗ್ಗಿದರು. ಬೆರಳಿಟ್ಟು ಹೇಳಿದರು:

"ಇಲ್ಲ. ಕೆಳಗಿನ ಅಂಚಿನ್ಯಾಗ ಒಂಚೂರು ನೀಲಿ ಹೊಡೀತೈತಿ."

ಮಿಸ್ತ್ರಿಗಳು ಮೊಣಕಾಲೂರಿ ಕುಳಿತು ನೋಡಿದರು. ಎದ್ದು ಕೋಟಿನ ಧೂಳು ಕೊಡವಿದರು. "ಹೌದು, ಹೊಡೀತೈತಿ," ಎಂದವರ ದನಿಯಲ್ಲಿ ಎಷ್ಟೋ ದಿನಗಳಿಂದ ಇಲ್ಲದ ಹುರುಪಿತ್ತು. "ಬಾಯಾರ, ಗಾಡಿ ನಾಳೆ ಒಯ್ರಿ." ಮತ್ತೆ ಉಜ್ಜುವ ಮರಳುಕಾಗದ ನೀರಿಗೆ ಹಾಕಿದರು.

ಲೋಕದಲ್ಲಿ ಕೆಲವರ ಕೆಲಸ ಸರಿಯಾದಷ್ಟೂ ಮರೆಯಾಗುತ್ತದೆ. ಅವರು ಇಲ್ಲಿ ಕೈಯಿಟ್ಟಿದ್ದರು ಎಂಬುದೇ ತಿಳಿಯಬಾರದು. ತಿಳಿಯಿತೆಂದರೆ ಅದು ತಪ್ಪು. ಇಂಥವರಿಗೆ ನಾವು ಗೌರವವೆಂದು ತಿಳಿದು ಮೌನವನ್ನು ಕೊಡುತ್ತೇವೆ, ಮತ್ತು ಆ ಮೌನದಲ್ಲಿ ಅವರು ಒಂಟಿಯಾಗುತ್ತಾರೆ. ಅವರು ನಮ್ಮಿಂದ ಕೇಳುವುದು ಹೊಗಳಿಕೆಯನ್ನಲ್ಲ. ಹತ್ತಿರ ನಿಂತು, ಪ್ರೀತಿಯಿಂದಲೇ, ಇಲ್ಲಿ ಕಾಣುತ್ತದೆ ಎಂದು ಬೆರಳಿಟ್ಟು ತೋರಿಸುವ ಒಬ್ಬರನ್ನು ಮಾತ್ರ.