ನಾಝಿಮಾ ಕೇಳದ ಸೀಟು

"ನಿಮಗೆ ಗೊತ್ತಾಗ್ಲಿಲ್ವಾ ಟೀಚರೇ?" ಟಿಕೆಟ್ ಕೊಡುತ್ತ ಕಂಡಕ್ಟರ್ ಲೋಕನಾಥ ಸ್ವರ ತಗ್ಗಿಸಿದ. "ನಮ್ಮ ನಾಝಿಮಕ್ಕ ಹೋದ್ರಂತೆ. ನಿನ್ನೆ ಸಂಜೆ ಅಂಗಡಿಯಲ್ಲೇ ಎದೆನೋವು ಬಂದದ್ದಂತೆ. ಆಸ್ಪತ್ರೆಗೆ ಮುಟ್ಲಿಲ್ಲ."

ಹೆಲನ್ ಟೀಚರ್ ಚಾಚಿದ ಕೈಯನ್ನು ಹಾಗೆಯೇ ಹಿಡಿದಿದ್ದರು. ಲೋಕನಾಥ ಚಿಲ್ಲರೆಯನ್ನು ಅಂಗೈಯಲ್ಲಿ ಇಟ್ಟು ಮುಂದೆ ಹೋದ. ಬಸ್ಸು ಕುಲಶೇಖರದ ಇಗರ್ಜಿಯನ್ನು ದಾಟಿತು. ದಿನವೂ ಅಲ್ಲಿ ಶಿಲುಬೆಯ ಗುರುತು ಮಾಡಿಕೊಳ್ಳುವ ಟೀಚರ್ ಅಂದು ಮರೆತರು. ಹೆಂಗಸರ ಸೀಟಿನ ಕೊನೆಯ ಸಾಲಿನಲ್ಲಿ ಬುರ್ಖಾ ತೊಟ್ಟ ಹುಡುಗಿಯರು ಒತ್ತಿಕೊಂಡು ಕುಳಿತಿದ್ದರು. ಅವರಲ್ಲಿ ನರ್ಸಿಂಗ್ ಕಲಿಯುವ ರುಮೈಸಾ ಅಳುತ್ತಿದ್ದಳು. ಟೀಚರ್ ತಿರುಗಿ ನೋಡಿದಾಗ ಅವಳು ಮುಖವನ್ನು ಕಿಟಕಿಯ ಕಡೆಗೆ ಮಾಡಿದಳು.

ಹೀಗೆ ಬೇರೆ ಬೇರೆ ಕೂರಿಸುವುದು ಶುರುವಾದದ್ದು ಮಳೆಗಾಲ ಮುಗಿಯುವ ಹೊತ್ತಿಗೆ. ಯಾವ ಧರ್ಮದವರ ಪಕ್ಕದಲ್ಲಿ ಯಾರು ಕುಳಿತರು ಎಂಬ ಮಾತಿಗೆ ಕೆಲವು ಯುವಕರು ಬೇರೊಂದು ಬಸ್ಸನ್ನು ಅಡ್ಡಗಟ್ಟಿ ಗಾಜು ಒಡೆದಿದ್ದರು. ಅದನ್ನು ಕೇಳಿ ಹೆದರಿದ ಈ ಬಸ್ಸಿನ ಧಣಿ ತಾನೇ ಒಂದು ಕ್ರಮ ಮಾಡಿದ. ಬುರ್ಖಾದವರಿಗೆ ಹಿಂದಿನ ಸೀಟು, ಉಳಿದ ಹೆಂಗಸರಿಗೆ ಮುಂದಿನದು. ಎಲ್ಲಿಯೂ ಬರೆದು ಹಾಕಲಿಲ್ಲ. ಲೋಕನಾಥನ ಬಾಯಿಮಾತಿನಲ್ಲಿಯೇ ಅದು ನಡೆಯಿತು.

ಅಲ್ಲಿಯವರೆಗೆ ನಾಝಿಮಾ ಕುಳಿತುಕೊಳ್ಳುತ್ತಿದ್ದದ್ದು ಹೆಲನ್ ಟೀಚರ ಪಕ್ಕದಲ್ಲಿ. ಗಂಡ ತೀರಿಕೊಂಡ ಮೇಲೆ ಹಂಪನಕಟ್ಟೆಯ ಬಟ್ಟೆ ಅಂಗಡಿಯನ್ನು ನಾಝಿಮಾರೇ ನಡೆಸುತ್ತಿದ್ದರು. ಟೀಚರ್ ನಿವೃತ್ತರಾಗಿದ್ದರೂ ಜೆಪ್ಪುವಿನ ಆಶ್ರಮದ ಮಕ್ಕಳಿಗೆ ಕನ್ನಡ ಕಲಿಸಲು ದಿನವೂ ಹೊರಡುತ್ತಿದ್ದರು. ಮೊಣಕಾಲು ನೋವು, ಮೀನಿನ ಕ್ರಯ, ದೇವರು, ಎಲ್ಲವೂ ಆ ಸೀಟಿನಲ್ಲಿ ಮಾತಿಗೆ ಬರುತ್ತಿತ್ತು.

"ಹಿಂದೆ ಹೋಗಿ ಅಕ್ಕಾ, ಸ್ವಲ್ಪ ಎಡ್ಜಸ್ಟ್ ಮಾಡಿ," ಎಂದು ಲೋಕನಾಥ ಹೇಳಿದ ದಿನ ನಾಝಿಮಾ ಕೇಳಿದರು: "ಟಿಕೆಟಿಗೆ ನಾನು ಕಡಿಮೆ ಕೊಡ್ತೇನಾ?"

"ಹಾಗಲ್ಲ ಮಾರಾಯ್ರೆ. ಧಣಿ ಹೇಳಿದ್ದು. ನಾನೆಂತ ಮಾಡ್ಲಿ?"

"ಹಾಗಾದ್ರೆ ನಾನು ನಿಲ್ತೇನೆ. ನಿಲ್ಲುವವರಿಗೆ ಮುಂದೆ ಹಿಂದೆ ಅಂತ ಧಣಿ ಹೇಳ್ಲಿಲ್ವಲ್ಲ?"

ಅವರು ನಿಂತರು. ಮರುದಿನವೂ ನಿಂತರು. ಒಂದು ವಾರದಲ್ಲಿ ರುಮೈಸಾ ಮತ್ತು ಅವಳ ಗೆಳತಿಯರು ಎದ್ದು ಅವರ ಜೊತೆ ನಿಂತರು. ಆಮೇಲೆ ಕುಂಕುಮವಿಟ್ಟ ಒಬ್ಬ ಬ್ಯಾಂಕಿನ ಹೆಂಗಸೂ ಏನೂ ಹೇಳದೆ ನಿಂತುಕೊಂಡಳು. ಕೊನೆಯ ಸಾಲು ಖಾಲಿಯಾಗಿ ಅಲುಗಾಡುತ್ತ ಕೊನೆಯ ನಿಲ್ದಾಣವಾದ ಸ್ಟೇಟ್‌ಬ್ಯಾಂಕಿನವರೆಗೆ ಹೋಗುತ್ತಿತ್ತು.

"ಬಸ್ಸಿಗೆ ಕಂಬ ಸಾಲದಾ? ಇವರು ಬೇರೆ!" ಎಂದು ಹಿಂದಿನಿಂದ ಒಬ್ಬ ಕುಟುಕಿದ.

"ನಂತೂರಿನ ತಿರುವು ಬರ್ಲಿ, ನಮ್ಮನ್ನೇ ಹಿಡ್ಕೊಳ್ಳಿ ಅಣ್ಣಾ," ಎಂದರು ನಾಝಿಮಾ. ಬಸ್ಸು ನಕ್ಕಿತು. ಲೋಕನಾಥನೂ ನಕ್ಕ. ಧಣಿಯ ಹತ್ತಿರ ಮಾತಾಡಿ ಈ ಕ್ರಮವನ್ನು ಬಿಡಿಸುತ್ತೇನೆ ಎಂದು ಅವನು ಹೇಳತೊಡಗಿದ್ದು ಆ ದಿನಗಳಲ್ಲಿ.

ಟೀಚರ್ ಮಾತ್ರ ಕುಳಿತೇ ಇದ್ದರು. ನಿಂತವರ ಚೀಲಗಳನ್ನು ಮಡಿಲಲ್ಲಿ ಇಟ್ಟುಕೊಳ್ಳುತ್ತಿದ್ದರು. ನಾಝಿಮಾರ ಹೃದಯ ಗಟ್ಟಿಯಿಲ್ಲವೆಂದು ಅವರಿಗೆ ಗೊತ್ತಿತ್ತು. ಅವರು ಕಂಬಿಯನ್ನು ಮತ್ತೆ ಮತ್ತೆ ಕೈ ಬದಲಿಸಿ ಹಿಡಿಯುವುದೂ ಕಾಣುತ್ತಿತ್ತು. ಒಂದು ಸಂಜೆ ಅವರು ಲೋಕನಾಥನನ್ನು ಬದಿಗೆ ಕರೆದು, "ಅವರಿಗೆ ಹಾರ್ಟಿನ ತೊಂದರೆ ಉಂಟು. ಅವರೊಬ್ಬರನ್ನು ನನ್ನ ಹತ್ತಿರ ಕೂರ್ಲಿಕ್ಕೆ ಬಿಡು ಮಾರಾಯ," ಎಂದರು. ನಾಝಿಮಾರ ಮೇಲಿನ ಮರುಕದಿಂದ ಹೇಳಿದ ಮಾತು ಅದು. ಆದರೆ ಮರುಕವೊಂದೇ ಆಗಿರಲಿಲ್ಲ. ಅಷ್ಟು ಜನ ತಲೆಯ ಮೇಲೆ ನಿಂತಿರುವಾಗ ಕುಳಿತಿರುವುದು ಟೀಚರಿಗೆ ಕಷ್ಟವಾಗಿತ್ತು. ನಾಝಿಮಾ ಪಕ್ಕದಲ್ಲಿ ಬಂದು ಕುಳಿತರೆ ಆ ಕಷ್ಟ ಮುಗಿಯುತ್ತದೆ ಎಂದು ಅವರ ಮನಸ್ಸು ಆಸೆಪಟ್ಟಿತ್ತು.

ಮರುದಿನ ಲೋಕನಾಥ ಎಲ್ಲರೆದುರು ದೊಡ್ಡ ಸ್ವರದಲ್ಲಿ ಹೇಳಿಬಿಟ್ಟ: "ನಾಝಿಮಕ್ಕ, ನೀವು ಮುಂದೆ ಕೂತ್ಕೊಳ್ಳಿ. ಧಣಿಯತ್ರ ಹೇಳಿ ಆಗಿದೆ. ನಿಮಗೊಬ್ಬರಿಗೆ ಪರವಾಗಿಲ್ಲ."

"ನಿಮಗೊಬ್ಬರಿಗಾ? ಆಂಟೀ, ನೀವು ಕೇಳಿದ್ದಾ?" ಎಂದಳು ರುಮೈಸಾ.

ನಾಝಿಮಾ ಒಮ್ಮೆ ಟೀಚರ ಮುಖ ನೋಡಿದರು. ಇಲ್ಲ ಎಂದರೆ ಕೇಳಿದವರು ಯಾರು ಎಂಬ ಪ್ರಶ್ನೆ ಬರುತ್ತಿತ್ತು. ಅವರು ಉತ್ತರ ಕೊಡಲಿಲ್ಲ, ಕುಳಿತುಕೊಳ್ಳಲೂ ಇಲ್ಲ. ಟೀಚರ್ ಮಡಿಲಿನ ಚೀಲದ ಹಿಡಿಯನ್ನು ಸರಿಪಡಿಸುತ್ತ ತಲೆ ತಗ್ಗಿಸಿದರು.

ಮರುದಿನದಿಂದ ಹುಡುಗಿಯರು ಹಿಂದೆ ಹೋಗಿ ಕುಳಿತರು. ಬ್ಯಾಂಕಿನ ಹೆಂಗಸು ಬೇರೆ ಬಸ್ಸು ಹಿಡಿದಳು. ನಾಝಿಮಾ ಕೆಲವು ದಿನ ಒಬ್ಬರೇ ನಿಂತು ಹೋದರು. ಆಮೇಲೆ ಅವರೂ ಕಾಣಲಿಲ್ಲ. ಟೀಚರ್ ಇಗರ್ಜಿಯಲ್ಲಿ ಪಾಪನಿವೇದನೆ ಮಾಡಿದರು. ಒಳ್ಳೆಯ ಮನಸ್ಸಿನಿಂದ ಮಾಡಿದ್ದು ಪಾಪವಲ್ಲ ಎಂದು ಎಳೆಯ ಪಾದ್ರಿ ಸಮಾಧಾನ ಹೇಳಿದರು. ಟೀಚರ್ ತಂದ ಭಾರವನ್ನು ಹಾಗೆಯೇ ಹೊತ್ತುಕೊಂಡು ಮನೆಗೆ ಬಂದರು.

ಈಗ ಸಾವಿನ ಸುದ್ದಿ ಬಂದಿತ್ತು. ಅಂದು ಆಶ್ರಮದಿಂದ ಬೇಗ ಹೊರಟು ಅವರು ನಾಝಿಮಾರ ಮನೆಗೆ ಹೋದರು. ದಫನ ಬೆಳಿಗ್ಗೆಯೇ ಆಗಿತ್ತು. ಒಳಗೆ ಹೆಂಗಸರು ಚಾಪೆಯ ಮೇಲೆ ಕುಳಿತು ಮೆಲ್ಲಗೆ ಕುರಾನ್ ಓದುತ್ತಿದ್ದರು. "ಟೀಚರಿಗೆ ಕುರ್ಚಿ ಕೊಡಿ," ಎಂದು ಯಾರೋ ಹೇಳಿದರು. ಬೇಡವೆಂದರೂ ಕೇಳಲಿಲ್ಲ. ಎಲ್ಲರೂ ನೆಲದಲ್ಲಿರುವಾಗ ಅವರೊಬ್ಬರೇ ಕುರ್ಚಿಯಲ್ಲಿ ಕುಳಿತರು.

ನಾಝಿಮಾರ ಮಗಳು ಫರ್ಝಾನಾ ಹತ್ತಿರ ಬಂದಳು. ಅತ್ತು ಅವಳ ಕಣ್ಣು ಊದಿಕೊಂಡಿತ್ತು.

"ಟೀಚರ್, ಒಂದು ಮಾತು ಕೇಳ್ಲಾ? ಉಮ್ಮ ತನಗೊಬ್ಬಳಿಗೆ ಸೀಟು ಕೇಳಿ ಎಲ್ಲರಿಗೂ ಕೈಕೊಟ್ಟರು ಅಂತ ಹೇಳ್ತಾರೆ. ಉಮ್ಮನತ್ರ ಕೇಳಿದ್ರೆ ಬಾಯೇ ಬಿಡ್ತಿರ್ಲಿಲ್ಲ. ನೀವು ಅಲ್ಲೇ ಇದ್ರಲ್ಲ. ಹೌದಾ ಅದು?"

ಓದುತ್ತಿದ್ದ ಸ್ವರಗಳು ತಗ್ಗಿದವು. ಬಾಗಿಲ ಬಳಿ ಕುಳಿತಿದ್ದ ರುಮೈಸಾ ತಲೆ ಎತ್ತಿದಳು. ಅಷ್ಟು ಹೆಂಗಸರ ಕಣ್ಣುಗಳನ್ನು ಟೀಚರಿಗೆ ಎದುರಿಸಲು ಆಗಲಿಲ್ಲ.

"ಈಗ ಅದೆಲ್ಲ ಎಂತಕ್ಕೆ ಮಗಳೇ," ಎಂದರು. "ದೇವರು ನೋಡಿಕೊಳ್ತಾರೆ."

ಫರ್ಝಾನಾ ತಲೆಯಾಡಿಸಿದಳು. ಆ ಮಾತನ್ನು ಹೌದು ಎಂದೇ ತಿಳಿದುಕೊಂಡಳು ಎಂಬುದು ಅವಳ ಮುಖದಲ್ಲಿ ಕಂಡಿತು. ಬಾಗಿಲಿನವರೆಗೆ ಬಂದು, "ಬಂದದ್ದು ಉಪಕಾರ ಆಯ್ತು ಟೀಚರ್," ಎಂದಳು.

ಮರುದಿನ ಬೆಳಿಗ್ಗೆ ಬಸ್ಸು ಬಂದಾಗ ಮುಂದಿನ ಸೀಟು ಖಾಲಿಯಿತ್ತು. ಟೀಚರ್ ಅದನ್ನು ದಾಟಿ ನಡುವಿನಲ್ಲಿ ಕಂಬಿ ಹಿಡಿದು ನಿಂತರು.

"ಸೀಟು ಉಂಟಲ್ಲ ಟೀಚರೇ?" ಎಂದ ಲೋಕನಾಥ.

"ಗೊತ್ತುಂಟು."

"ನಿಮಗೆ ಗಂಟುನೋವು ಅಲ್ವಾ?"

ಟೀಚರ್ ಹಿಂದಕ್ಕೆ ತಿರುಗಿದರು. ತರಗತಿಯಲ್ಲಿ ಎಷ್ಟೋ ವರ್ಷ ಕೊನೆಯ ಬೆಂಚಿಗೂ ಕೇಳುವಂತೆ ಮಾತಾಡಿದ ಸ್ವರದಲ್ಲೇ ಹೇಳಿದರು.

"ರುಮೈಸಾ, ಆ ಸೀಟು ನಾಝಿಮಾ ಕೇಳಿದ್ದಲ್ಲ. ಕೇಳಿದ್ದು ನಾನು. ಅವರಿಗೆ ಗೊತ್ತೇ ಇರಲಿಲ್ಲ. ನಿನ್ನೆ ಅವರ ಮಗಳು ಕೇಳಿದಾಗಲೂ ನಾನು ಬಾಯಿ ಮುಚ್ಚಿಕೊಂಡೆ. ಇವತ್ತು ಸಂಜೆ ಹೋಗಿ ಅವಳಿಗೂ ಹೇಳ್ತೇನೆ."

"ಬೆಳಿಗ್ಗೆ ಬೆಳಿಗ್ಗೆ ಎಂತ ಪಂಚಾಯ್ತಿಯಪ್ಪ," ಎಂದು ಕಿಟಕಿಯ ಬದಿಯ ಹೆಂಗಸೊಬ್ಬಳು ಗೊಣಗಿದಳು.

"ಹೌದು," ಎಂದ ಲೋಕನಾಥ, ಯಾರನ್ನೂ ನೋಡದೆ. "ನನ್ನತ್ರ ಹೇಳಿದ್ದು ಟೀಚರೇ."

ರುಮೈಸಾ ಹೇಳಿದಳು: "ನಾನು ಆಂಟಿಯತ್ರ ಮಾತು ಬಿಟ್ಟಿದ್ದೆ ಟೀಚರ್. ದಾರಿಯಲ್ಲಿ ಸಿಕ್ಕಿದಾಗ ಮುಖ ತಿರುಗಿಸಿದ್ದೆ. ಈಗ ಹೇಳಿ ಎಂತ ಆಯ್ತು?"

ನಂತೂರಿನಲ್ಲಿ ಬಸ್ಸು ತಿರುಗಿತು. ಟೀಚರ್ ಎರಡೂ ಕೈಗಳಿಂದ ಕಂಬಿಯನ್ನು ಹಿಡಿದರು. ಹಿಂದೆ ಸೀಟು ಕಿರುಗುಟ್ಟಿದ ಸದ್ದಾಯಿತು. ರುಮೈಸಾ ಎದ್ದಿದ್ದಳು. ಟೀಚರ ಹತ್ತಿರ ಬರಲಿಲ್ಲ. ದೂರದ ಒಂದು ಕಂಬಿಯನ್ನು ಹಿಡಿದು, ಮುಖವನ್ನು ರಸ್ತೆಯ ಕಡೆಗೆ ಮಾಡಿ ನಿಂತಳು.

ಟೀಚರ್ ಕಣ್ಣು ಮುಚ್ಚಿದರು. ಸತ್ತವರಿಗಾಗಿ ಚಿಕ್ಕಂದಿನಿಂದ ಹೇಳುತ್ತ ಬಂದ ಕೊಂಕಣಿಯ ಜಪ ಅರ್ಧದಲ್ಲಿ ನಿಂತುಹೋಯಿತು. ಆಮೇಲೆ ಅವರು ತಮ್ಮದೇ ಮಾತಿನಲ್ಲಿ ಬೇಡಿಕೊಂಡರು: ದೇವರೇ, ನಾಝಿಮಾರಿಗೆ ಶಾಂತಿಯನ್ನು ಕೊಡು. ಬಹಳ ಹೊತ್ತು ನಿಂತು ದಣಿದಿದ್ದಾರೆ.